ಕುಣಿಮಗ್ಗದಲ್ಲಿ ಕೂತ ಅತಿಥಿ

ಮಂಗಳ ಗ್ರಹದಿಂದ ಗುಳೇದಗುಡ್ಡಕ್ಕೆ ಬಂದ ಮೂರನೇ ಹೂಡಿಕೆದಾರರು ಇರೀನಾ. ಮೊದಲಿಬ್ಬರು ಭೂಮಿಯ ಸೆಳೆತಕ್ಕೆ ಬೆನ್ನು ನೋವು ತಾಳದೆ, ತೇಲುವ ಕುರ್ಚಿಗಳಿರುವ ಬೆಂಗಳೂರಿಗೆ ಹೊರಟುಹೋಗಿದ್ದರು. ಇವರೂ ಹೋದರೆ ಮುನ್ನೂರು ಜನರಿಗೆ ಕೆಲಸ ಕೊಡುವ ನೂಲಿನ ಕಾರ್ಖಾನೆ ಊರಿನ ಕೈತಪ್ಪುತ್ತಿತ್ತು.

ನೇಕಾರ್ತಿ ನೀಲವ್ವನ ಮನೆಯಲ್ಲಿ ಮಗ್ಗ ತೋರಿಸಲೆಂದು ಪುರಸಭೆ ಅಧ್ಯಕ್ಷೆ ಶಶಿಕಲಾ ಬಾಡಿಗೆ ಸೋಫಾ ಹಾಕಿಸಿದ್ದರು. ಇರೀನಾ ಎರಡೇ ನಿಮಿಷ ಕೂತು ನರಳುತ್ತಾ ಎದ್ದರು. ಮಂಗಳದಲ್ಲಿ ಇಪ್ಪತ್ತು ಕಿಲೋ ತೂಗುವವರು ಇಲ್ಲಿ ಐವತ್ಮೂರು ತೂಗುತ್ತಿದ್ದರು.

ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೆಲದ ಅಂಚಿನಲ್ಲಿ ಕೂತು ರವಿಕೆಯ ಖಣ ನೇಯುತ್ತಿದ್ದ ನೀಲವ್ವ ಮಗ್ಗ ಬಿಟ್ಟು ಎದ್ದಳು. "ಸೋಫಾ ಯಾಕ್ರಿ ಅಧ್ಯಕ್ಷರ? ಬರ್ರಿ ಯವ್ವಾ, ಇಲ್ಲಿ ಕುಂದರ್ರಿ. ಕಾಲು ಕುಣಿಯಾಗ ಇಳಿಬಿಡ್ರಿ. ಮುಂದಿನ ಕಟಗಿ ಮ್ಯಾಲ ಮೈಭಾರ ಹಾಕ್ರಿ."

ಇರೀನಾ ಹಾಗೇ ಕೂತರು. ಚಹಾ ಮುಗಿಯಿತು, ಎರಡು ರೊಟ್ಟಿ ಮುಗಿದವು. ಅವರ ಕೊರಳಿನ ಭಾಷಾಂತರ ಯಂತ್ರ ಕನ್ನಡದಲ್ಲಿ ಹೇಳಿತು: "ಭೂಮಿಗೆ ಬಂದ ಮೇಲೆ ಮೊದಲ ಸಲ ಬೆನ್ನು ಸುಮ್ಮನಿದೆ. ಒಪ್ಪಂದದ ಕಾಗದ ಇಲ್ಲಿಗೇ ತನ್ನಿ. ಕಾರ್ಖಾನೆಯ ನನ್ನ ಕೋಣೆಯಲ್ಲೂ ಇಂಥದೊಂದು ಕುಣಿ ತೋಡಿಸಿ."

ಸಹಿ ಬಿತ್ತು. ಇರೀನಾ ಮಾತ್ರ ಏಳಲಿಲ್ಲ.

"ಎಲ್ಲಾ ಚಲೋ ಆತ್ರಿ," ನೀಲವ್ವ ಅಧ್ಯಕ್ಷೆಯ ಕಿವಿಯಲ್ಲಿ ಪಿಸುಗುಟ್ಟಿದಳು. "ಆದ್ರ ಇವರನ್ನ ಎಬ್ಬಿಸೋದು ಹೆಂಗ? ಸಂಜಿಯೊಳಗ ನನ್ನ ಖಣ ಮುಗೀಬೇಕಲ್ರಿ!"