ಹಸಿರು ಉರೀತಾ ಐತಾ?

ಯಂತ್ರ ಕೂಗಿಕೊಂಡಿತು. ಐಸಿಯು ಗಾಜಿನ ಈಚೆ ಬೆಂಚಿನ ಮೇಲೆ ಕೂತಿದ್ದ ಸಿಂಧು ಎದ್ದು ನಿಂತಳು. ಒಳಗೆ ಗಂಡ ರುದ್ರೇಶನ ಮಂಚದ ಪಕ್ಕದಲ್ಲಿದ್ದ ಡಯಾಲಿಸಿಸ್ ಯಂತ್ರದ ನೆತ್ತಿಯಲ್ಲಿ ಹಸಿರು ದೀಪ ಹೋಗಿ ಕೆಂಪು ಬಂದಿತ್ತು. ನರ್ಸ್ ನಿಸರ್ಗ ಓಡಲಿಲ್ಲ, ನಡೆದೇ ಬಂದಳು. ಪರದೆಯ ಅಂಕಿ ನೋಡಿದಳು, ಹೊದಿಕೆ ಸರಿಸಿದಳು, ತೊಡೆಯ ಕೆಳಗೆ ಮಡಚಿಕೊಂಡಿದ್ದ ಪೈಪನ್ನು ನೇರ ಮಾಡಿ ಗುಂಡಿ ಒತ್ತಿದಳು. ಕೂಗು ನಿಂತಿತು. ಮತ್ತೆ ಹಸಿರು.

ಜ್ವರವೆಂದು ತಿಪಟೂರಿನಲ್ಲಿ ಆಸ್ಪತ್ರೆಗೆ ತಾನೇ ಬೈಕು ಓಡಿಸಿಕೊಂಡು ಹೋದವನನ್ನು ತುಮಕೂರಿಗೆ ಆಂಬುಲೆನ್ಸಿನಲ್ಲಿ ತಂದಿದ್ದರು. ಕಿಡ್ನಿ ಕೆಲಸ ನಿಲ್ಲಿಸಿತ್ತು. ಬಿ.ಪಿ. ತೀರಾ ಇಳಿದಿದ್ದರಿಂದ ಮಾಮೂಲಿ ಡಯಾಲಿಸಿಸ್ ತಡೆಯಲಾರ ಎಂದು, ಹಗಲೂ ರಾತ್ರಿ ನಿಧಾನಕ್ಕೆ ಓಡುವ ಈ ಯಂತ್ರ ಹಾಕಿದ್ದರು. ಬೇರೆ ರೋಗಿಗಳ ಕಡೆಯವರು ಬೆಂಚಿನ ತುಂಬ ಕೂತು, ಡಬ್ಬಿ ಬಿಚ್ಚಿ ಉಂಡು, ಪಾಳಿ ಬದಲಿಸಿಕೊಂಡು ಹೋಗುತ್ತಿದ್ದರು. ಸಿಂಧುವಿಗೆ ಪಾಳಿ ಬದಲಿಸುವವರು ಯಾರೂ ಇರಲಿಲ್ಲ.

ಮೊಬೈಲ್ ರಿಂಗಾಯಿತು. ಹೊನ್ನವಳ್ಳಿಯಿಂದ ಅತ್ತೆ ದ್ರಾಕ್ಷಾಯಣಮ್ಮ. ತೋಟಕ್ಕೆ ಕರೆಂಟ್ ಬಂದಾಗಲೆಲ್ಲ ಅವರು ಮೋಟರ್ ಹಾಕಿ, ಹಸಿರು ದೀಪದ ಸ್ಟಾರ್ಟರ್ ಡಬ್ಬದ ಮುಂದೆ ನಿಂತೇ ಫೋನ್ ಮಾಡುತ್ತಿದ್ದರು.

“ಹಸಿರು ಉರೀತಾ ಐತಾ?”

“ಐತೆ ಅತ್ತೆ. ಈಗ ಒಂದ್ಸಲ ಕೂಗ್ಕಂತು. ಪೈಪ್ ಮಡಚ್ಕಂಡಿತ್ತು.”

“ಕಾಲು ಒದ್ದಿರ್ತಾನೆ ಬುಡು. ಹುಟ್ಟಿದಾಗಿಂದ ಒಂದ್ ಕಡೆ ನೆಟ್ಟಗೆ ಮಲಗ್ದೋನಲ್ಲ.”

ರುದ್ರೇಶ್ ಒದ್ದಿರಲಿಲ್ಲ. ಬೆನ್ನು ಹುಣ್ಣಾಗದಿರಲೆಂದು ನರ್ಸುಗಳು ಅವನನ್ನು ಮಗ್ಗುಲಿಗೆ ತಿರುಗಿಸಿದ್ದರು. ಸಿಂಧು ಅದನ್ನು ಹೇಳಲಿಲ್ಲ.

“ನೀವೂ ಒಂದ್ಸಲ ಬಂದು ನೋಡ್ಕಂಡು ಹೋಗಿ ಅತ್ತೆ.”

“ಹಸಿರು ಉರೀತೈತಲ್ಲ, ನಾನ್ಯಾಕೆ? ನಾನು ಬಂದು ನಿಂತ್ರೆ ಏನೋ ಆಗೈತೆ ಅಂತ ಅವ್ನು ಹೆದರ್ಕಂತಾನೆ ಕಣಮ್ಮ. ಉಂಡ್ಯಾ ನೀನು?”

“ಉಂಡೆ,” ಎಂದಳು, ಉಣ್ಣದೆ.

ಮದುವೆಯಾಗಿ ಬಂದ ಹೊಸದರಲ್ಲಿ ಸಿಂಧು ಮೋಟರ್ ಮನೆಯಲ್ಲಿ ನಿಂತು, ತೋಟದ ತುದಿಯಲ್ಲಿದ್ದ ರುದ್ರೇಶನಿಗೆ ಫೋನಿನಲ್ಲೇ ವರದಿ ಕೊಡುತ್ತಿದ್ದಳು: ಹಸಿರು ಉರೀತಾ ಇದೆ, ಉರೀತಾನೇ ಇದೆ. ಅತ್ತ ಬೋರಿನಲ್ಲಿ ನೀರು ಕೆಳಗಿಳಿದು ಮೋಟರ್ ಒಣಗಿಯೇ ಓಡಿ ಸುಟ್ಟುಹೋಗಿತ್ತು. ರುದ್ರೇಶ್ ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಕ್ಕಿದ್ದ. “ಎಮ್ಮೆಸ್ಸಿ ಮೇಡಮ್ಮೋರೇ, ದೀಪ ಹೇಳೋದು ಕರೆಂಟಿನ ಸುದ್ದಿ. ನೀರಿನ ಸುದ್ದಿ ಬೇಕಂದ್ರೆ ಪೈಪಿಗೆ ಕೈ ಇಟ್ಟು ನೋಡ್ಬೇಕು ಕಣೇ.” ಅವಳ ಕೈ ಹಿಡಿದು ಪೈಪಿನ ಮೇಲೆ ಇಟ್ಟು ತೋರಿಸಿಯೂ ಕೊಟ್ಟಿದ್ದ.

ಬಾಗಿಲು ತೆರೆಯಿತು. “ಅಕ್ಕ, ಒಳಗೆ ಬನ್ನಿ. ಸ್ವಲ್ಪ ಹೊತ್ತು ಇರಬಹುದು ಅಂದ್ರು ಡಾಕ್ಟ್ರು,” ಎಂದಳು ನಿಸರ್ಗ. ಇಷ್ಟು ದಿನ ಬೇಡಿಕೊಂಡರೂ ಬೆಳಿಗ್ಗೆ ಒಂದು ಸಲ ಬಿಟ್ಟರೆ ಒಳಗೆ ಬಿಡದವರು, ಇವತ್ತು ಕೇಳದೆಯೇ ಕರೆಯುತ್ತಿದ್ದರು.

ನಿಸರ್ಗ ಯಂತ್ರದ ಅಂಕಿಗಳನ್ನು ಒಂದೊಂದಾಗಿ ನೋಡಿ ಬರೆದುಕೊಳ್ಳುತ್ತಿದ್ದಳು. ಎರಡು ಸಣ್ಣ ಪೈಪುಗಳು; ರಕ್ತ ಒಂದರಲ್ಲಿ ಹೊರಗೆ ಬರುತ್ತಿತ್ತು, ಇನ್ನೊಂದರಲ್ಲಿ ಒಳಗೆ ಹೋಗುತ್ತಿತ್ತು.

“ಮೆಷಿನ್ ಹೇಗಿದೆ ಸಿಸ್ಟರ್?”

“ಚೆನ್ನಾಗಿ ಓಡ್ತಿದೆ ಅಕ್ಕ. ಫಿಲ್ಟರ್ ಕಟ್ಕೊಂಡಿಲ್ಲ, ಪ್ರೆಶರ್ರೂ ಸರಿಯಾಗಿದೆ.”

“ಇವರು?”

ನಿಸರ್ಗಳ ಪೆನ್ನು ನಿಂತಿತು. “ಎಷ್ಟು ಔಷಧಿ ಕೊಟ್ರೂ ಬಿ.ಪಿ. ಏರ್ತಿಲ್ಲ. ಊರಲ್ಲಿ ಅಮ್ಮ ಇದಾರಲ್ವ... ಕರೆಸಿಬಿಡಿ ಅಕ್ಕ.”

ಸಿಂಧು ಬಗ್ಗಿ, ರಕ್ತ ಒಳಗೆ ಹೋಗುವ ಪೈಪಿನ ಮೇಲೆ ಒಂದು ಬೆರಳು ಇಟ್ಟಳು. ಬೆಚ್ಚಗಿತ್ತು. ಅವಳ ಮುಖ ಅರಳಿತು.

“ಬೆಚ್ಚಗಿದೆ ಸಿಸ್ಟರ್!”

“ಅದು ಹೀಟರಿನದು ಅಕ್ಕ. ಮೆಷಿನ್ ಸುತ್ತಿ ಬರೋಷ್ಟರಲ್ಲಿ ರಕ್ತ ಆರಿಹೋಗುತ್ತೆ. ಕಾಯಿಸಿ ಒಳಗೆ ಬಿಡ್ತೀವಿ.” ಹೇಳಬಾರದಿತ್ತೇನೋ ಎಂಬಂತೆ ನಿಸರ್ಗ ಪಕ್ಕದ ಮಂಚದ ಕಡೆ ಹೋದಳು.

ಸಿಂಧು ಪೈಪು ಬಿಟ್ಟು ಗಂಡನ ಕೈ ಹಿಡಿದುಕೊಂಡಳು. ತೆಂಗಿನ ನಾರು ಸುಲಿದು ಸುಲಿದು ಒರಟಾದ ಅಂಗೈ. ತಣ್ಣಗಿತ್ತು. ಬೆರಳುಗಳು ಇನ್ನೂ ತಣ್ಣಗಿದ್ದವು.

ಮೊಬೈಲ್ ಮತ್ತೆ ನಡುಗಿತು. ಊರಿನಲ್ಲಿ ಕರೆಂಟ್ ಹೋಗಿ ಬಂದಿರಬೇಕು.

“ಹಸಿರು ಉರೀತಾ ಐತಾ?”

ಸಿಂಧು ತಲೆಯೆತ್ತಿ ನೋಡಿದಳು. “ಉರೀತಾ ಐತೆ ಅತ್ತೆ.” ಗಂಡನ ಕೈ ಬಿಡದೆಯೇ ಅಂದಳು, “ಆದ್ರೂ ನೀವು ಈಗಲೇ ಹೊರಟುಬಿಡಿ.”

ಆ ಕಡೆಯಿಂದ ಸ್ಟಾರ್ಟರಿನ ಗುಂಯ್ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ದ್ರಾಕ್ಷಾಯಣಮ್ಮ ಮೋಟರ್ ಆರಿಸಿದ್ದರು.

“ದೀಪದ ಸುದ್ದಿ ಬುಡಮ್ಮ,” ಎಂದರು ಮೆಲ್ಲಗೆ. “ಪೈಪ್ ಮುಟ್ಟಿ ನೋಡೋದ್ನ ಅವನಿಗೆ ಕಲ್ಸಿದ್ದೇ ನಾನು. ಮೈ ಕೈ ಮುಟ್ಟಿ ನೋಡಿದ್ಯಾ?”

ಸಿಂಧು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡಳು. ಉತ್ತರ ಹೇಳುವುದರೊಳಗೆ ಒಂದಿಷ್ಟಾದರೂ ಬೆಚ್ಚಗಾಗಲಿ ಎಂದು, ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು.