ನೀಲಿ ಪುಸ್ತಕ

ಉದ್ಯಮಗಳಿಗೆ ಸಲಹೆ ಕೊಡುವ ಕಂಪನಿಯೊಂದರ ಸಂದರ್ಶನಕ್ಕೆ ಮಗಳನ್ನು ತಯಾರು ಮಾಡುತ್ತಿದ್ದವನು, ತಾನೂ ಅದೇ ಕಸುಬಿನವನು, ಪುಗಸಟ್ಟೆ ಕಲಿಸುತ್ತಿದ್ದ. ತಾಯಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಭಾನುವಾರ ಮೊಬೈಲಿನಲ್ಲಿ ಪಾಠ ನಡೆಯುವಾಗ ಅವಳು ಅವರೆಕಾಯಿ ಸುಲಿಯುತ್ತಾ ಮಗಳ ಹಿಂದೆಯೇ ಕೂರುತ್ತಿದ್ದಳು. ಅವರ ಇಂಗ್ಲಿಷ್ ತಿಳಿಯದು. ಅವನ ಕೈಯನ್ನೇ ನೋಡುತ್ತಿದ್ದಳು.

ಆ ದಿನ ಅವನು, ನಷ್ಟದಲ್ಲಿರುವ ಗಾರ್ಮೆಂಟ್ ಫ್ಯಾಕ್ಟರಿಯನ್ನು ಹೇಗೆ ಉಳಿಸುವಿರಿ ಎಂದು ಕೇಳಿದ. ನಲವತ್ತೈದು ದಾಟಿದವರ ಕೈ ನಿಧಾನ, ಮೊದಲು ಅವರನ್ನು ಕೆಲಸದಿಂದ ಬಿಡಿಸಬೇಕು ಎಂದಳು ಮಗಳು. ಅವನು ಮೆಚ್ಚಿ, ನೀಲಿ ಪುಸ್ತಕದಲ್ಲಿ ಬರೆದುಕೊಂಡ.

ಪಾಠ ಮುಗಿದ ಮೇಲೆ ತಾಯಿ ಕೇಳಿದಳು: “ಮೇಷ್ಟ್ರಾದೋನು ಮಾರ್ಕ್ಸ್ ಹಾಕ್ಬೇಕು. ಇವನ್ಯಾಕೆ ನೀನು ಹೇಳಿದ್ದನ್ನ ಬರ್ಕೋತಾನೆ? ನಿನ್ನ ಮೇಲೆ ಕಣ್ಣಿಟ್ಟವ್ನೆ ಕಣೆ.”

“ಅಯ್ಯೋ ಅಮ್ಮ, ಅವ್ರು ತಲೆ ಎತ್ತಿ ನನ್ನ ನೋಡೋದೂ ಇಲ್ಲ! ಯಾವುದೋ ಇಲ್ಲದ ಫ್ಯಾಕ್ಟರಿ ಕಥೆ ಅದು. ಅಭ್ಯಾಸಕ್ಕೆ ಅಷ್ಟೆ.”

“ಏನೋಪ್ಪ. ಅವನು ಸರಿಯಿಲ್ಲ.”

ಶನಿವಾರ ತಾಯಿ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಹೊಲಿಗೆಯ ಕತ್ತರಿ, ತೆರೆಯದ ಊಟದ ಡಬ್ಬಿ ಎರಡೂ ಚೀಲದಲ್ಲಿದ್ದವು.

“ಯಾಕಮ್ಮ, ಇಷ್ಟು ಬೇಗ?”

“ನಿಮ್ಮ ಸರ್ ಬಂದಿದ್ರು ನಮ್ಮ ಫ್ಯಾಕ್ಟರಿಗೆ. ಅದೇ ನೀಲಿ ಪುಸ್ತಕ ನೋಡ್ಕೊಂಡು, ನಲವತ್ತೈದು ದಾಟಿದೋರೆಲ್ಲ ಎದ್ದು ನಿಲ್ಲಿ ಅಂದ್ರು. ನಾನು ಹೇಳಿರ್ಲಿಲ್ವೇನೆ, ಅವನು ಸರಿಯಿಲ್ಲ ಅಂತ?”