ಉಸಿರು ಕೇಳಿದವಳು

ಅಮ್ಮ ಭುಜ ಹಿಡಿದು ಅಲುಗಾಡಿಸಿದಾಗ ಟೈಲರಕ್ಕ ಕುರ್ಚಿಯಲ್ಲೇ ಬೆಚ್ಚಿ ಎದ್ದಳು. ಮರೆವಿನ ಕಾಯಿಲೆಯ ಅಮ್ಮನನ್ನು ನೋಡಲು ವೃದ್ಧಾಶ್ರಮಕ್ಕೆ ಬಂದವಳು, ಅವಳ ಅಂಗಿಗೆ ಗುಂಡಿ ಹೊಲಿಯುತ್ತಲೇ ಜೊಂಪು ಹೋಗಿದ್ದಳು.

“ಉಸಿರೇ ನಿಂತೋಗಿತ್ತಲ್ಲೇ! ಜೀವ ಬಾಯಿಗೆ ಬಂತು ನಂಗೆ,” ಎಂದಳು ಅಮ್ಮ. “ನಮ್ಮಮ್ಮಂಗೂ ಹಿಂಗೇ ಆಗ್ತಿತ್ತು. ಗೊರಕೆ ಹೊಡೀತಿದ್ದೋಳು ಗಪ್ಪನೆ ನಿಂತುಬಿಡೋಳು. ಆಮೇಲಾಮೇಲೆ ನನ್ನೇ ಮರೆತುಬಿಟ್ಳು.”

ನಿದ್ದೆಯಲ್ಲಿ ಉಸಿರು ಕಟ್ಟುವುದು ರಕ್ತದಲ್ಲೇ ಬರಬಹುದು, ಹಾಗೇ ಬಿಟ್ಟರೆ ಮರೆವಿಗೂ ದಾರಿಯಾಗಬಹುದು ಎಂದು ಅಮ್ಮನ ಡಾಕ್ಟರು ಎಚ್ಚರಿಸಿದ್ದರು. ಆದರೆ ಮನೆಯಲ್ಲಿ ಒಬ್ಬಳೇ ಮಲಗುವ ತನ್ನ ಉಸಿರಿಗೆ ಯಾರು ಕಿವಿಗೊಟ್ಟಿದ್ದರು? ಟೈಲರಕ್ಕ ಅಮ್ಮನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. “ನಾಳೇನೇ ಡಾಕ್ಟ್ರಿಗೆ ತೋರಿಸ್ಕೋತೀನಮ್ಮ.”

“ತೋರಿಸ್ಕೊಳ್ಳಿ,” ಅಮ್ಮ ಸಂಕೋಚದಿಂದ ಕೈ ಬಿಡಿಸಿಕೊಂಡಳು. “ಒಬ್ಬರೇ ಹೋಗ್ಬೇಡಿ. ನಿಮ್ಮ ತಾಯಿ ಇದ್ರೆ ಜೊತೆಗೆ ಕರ್ಕೊಂಡು ಹೋಗಿ.”